ಮರ್ಯಾದೆಗೆ ಎರಡು ಶಬ್ದ

"ಇನ್ನೊಂದ್ಸಲ ಹೇಳ್ಕೊಡು," ಎಂದ ಅಪ್ಪ.

"ಬಸ್ ಇಳಿದ್ಮೇಲೆ ಹೇಳ್ತೀನಿ."

"ಅಷ್ಟೊತ್ತಿಗೆ ಮರ್ತೇ ಹೋಗುತ್ತೆ ಮರಿ. ಮಧ್ಯದ್ದು ಆಗ್ಲೇ ಜಾರ್ತಿದೆ."

ಬಸ್ಸು ತುಂಬಿತ್ತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ, ಪರದೇಶದ ಆ ವಾಕ್ಯವನ್ನು ಮೂರು ತುಂಡು ಮಾಡಿ ಹೇಳಿದಳು. ಅಪ್ಪ ಒಂದೊಂದು ತುಂಡನ್ನೂ ಎರಡೆರಡು ಸಲ ಹೇಳಿಕೊಂಡ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವುದು ಅವನ ಕೆಲಸ. ಪುಸ್ತಕದಲ್ಲಿ ಬರೆಯುವ ಮುಂಚೆ ಅಂಕಿಯನ್ನು ಎರಡು ಸಲ ಬಾಯಲ್ಲಿ ಹೇಳಿಕೊಳ್ಳುವುದು ಇಪ್ಪತ್ತಾರು ವರ್ಷದ ರೂಢಿ. ತಪ್ಪು ಬರೆದ ಎಂದು ಇವತ್ತಿನವರೆಗೆ ಯಾರೂ ಅವನತ್ತ ಬೊಟ್ಟು ಮಾಡಿದ್ದಿಲ್ಲ.

ಎದುರು ಸೀಟಿನ ಹೆಂಗಸು ನಕ್ಕಳು. ಅಪ್ಪನಿಗೆ ಅಷ್ಟೇ ಸಾಕಿತ್ತು.

"ನನ್ನ ಮಗಳು," ಎಂದ. "ಯೂನಿವರ್ಸಿಟೀಲಿ ಪರದೇಶದ ಭಾಷೆ ಓದ್ತಾಳೆ. ಇವತ್ತು ಇವಳ ಮೇಡಂನ ನೋಡೋಕೆ ಹೋಗ್ತಿದೀವಿ. 'ನಾನು ಇವಳ ತಂದೆ' ಅಂತ ಅವರ ಭಾಷೇಲೇ ಹೇಳ್ಬೇಕು ಅಂತ ನನಗೊಂದು ಆಸೆ."

"ಒಳ್ಳೇದಾಯ್ತಲ್ಲ," ಎಂದಳು ಹೆಂಗಸು.

ಅಪ್ಪ ಬಾಯಿಪಾಠ ಮಾಡುತ್ತಿದ್ದ ವಾಕ್ಯದ ಅರ್ಥ ಅದಾಗಿರಲಿಲ್ಲ. 'ನಾನು ಇವಳ ತಂದೆಯ ತಮ್ಮ' ಎಂದು ಅವನು ನಿನ್ನೆ ಸಂಜೆಯಿಂದ, ಗಡ್ಡ ಹೆರೆಯುವಾಗ, ಷರ್ಟಿಗೆ ಇಸ್ತ್ರಿ ಹಾಕುವಾಗ, ಹೇಳುತ್ತಲೇ ಇದ್ದ. ಹೇಳಿಕೊಟ್ಟವಳು ಅವಳೇ. ಎರಡನೇ ತುಂಡಿನಲ್ಲಿ ನಾಲಿಗೆ ಹಲ್ಲಿಗೆ ತಾಗಬಾರದು ಎಂದು ಟೀಚರಮ್ಮನ ಗತ್ತಿನಲ್ಲಿ ಐದಾರು ಸಲ ತಿದ್ದಿದವಳೂ ಅವಳೇ. ಅದನ್ನು ನೆನೆದರೆ ಈಗ ಮೈ ಮುದುಡಿ ಹೋಗುತ್ತಿತ್ತು.

ನಿನ್ನೆ ಅಪ್ಪನಿಗೊಂದು ಅನುಮಾನವೂ ಬಂದಿತ್ತು. ಮೂರು ವರ್ಷ ಗೋಡೆಯಾಚೆ ಅವಳು ಗಟ್ಟಿಯಾಗಿ ಓದಿದ್ದನ್ನು ಕೇಳಿ ಕೇಳಿ, 'ತಂದೆ' ಎಂಬ ಶಬ್ದ ಮಾತ್ರ ಅವನಿಗೆ ಗೊತ್ತಾಗಿಬಿಟ್ಟಿತ್ತು.

"ತಂದೆ ಅನ್ನೋದು ಇಲ್ಲಿಗೇ ಬಂತಲ್ಲ. ಮತ್ತೆ ಇನ್ನೆರಡು ಶಬ್ದ ಏನು?"

"ಅದು... ಮರ್ಯಾದೆಗೆ."

"ಮರ್ಯಾದೆಗಾ?"

"ಅವರಲ್ಲಿ ಬರೀ ತಂದೆ ಅನ್ನಲ್ಲ ಅಪ್ಪಾ. ಮರ್ಯಾದೆಗೆ ಅಂತ ಇನ್ನೆರಡು ಸೇರಿಸ್ತಾರೆ."

ಅಪ್ಪ ಆ ಕ್ಷಣವೇ ಅಡಿಗೆಮನೆಗೆ ಹೋಗಿ ಅಮ್ಮನಿಗೆ ವರದಿ ಒಪ್ಪಿಸಿದ. "ಕೇಳಿದ್ಯೇನೇ? ಅವರ ದೇಶದಲ್ಲಿ ತಂದೆಗೆ ಮರ್ಯಾದೆ ಸೇರಿಸಿ ಮಾತಾಡ್ತಾರಂತೆ. ಎಂಥ ಜನ ನೋಡು!"

"ಇಲ್ಲಿ ನಿಮಗೇನು ಕಮ್ಮಿಯಾಗಿದೆ ಈಗ?" ಎಂದಳು ಅಮ್ಮ. "ಕೂತಲ್ಲಿಗೇ ಕಾಫಿ ಬರ್ತಿದೆ."

ಇದೆಲ್ಲ ಶುರುವಾದದ್ದು ಮೊದಲ ವರ್ಷದ ಒಂದು ಗುರುವಾರ. ಆಧುನಿಕ ಭಾಷೆಗಳ ವಿಭಾಗದಲ್ಲಿ ಗುರುವಾರವೆಂದರೆ ಮಾತಿನ ದಿನ. ಒಬ್ಬೊಬ್ಬರಾಗಿ ಮೇಡಂ ಕೋಣೆಗೆ ಹೋಗಬೇಕು, ಹತ್ತು ನಿಮಿಷ ಆ ಭಾಷೆಯಲ್ಲೇ ಮಾತಾಡಿ ಬರಬೇಕು. ಮೇಡಂ ಆ ದೇಶದವರೇ. ನಮ್ಮ ಭಾಷೆಯಲ್ಲಿ ಅವರಿಗೆ ಬರುತ್ತಿದ್ದದ್ದು ನೀರು, ಸಾಕು, ಬೇಡ, ಎಷ್ಟು ಎಂಬಂಥ ಹತ್ತು ಹನ್ನೆರಡು ಶಬ್ದ. ಅಷ್ಟರಲ್ಲೇ ಮಾರುಕಟ್ಟೆಗೆ ಹೋಗಿ ಬರುತ್ತಿದ್ದರು.

ಮೊದಲ ದಿನವೇ ಅವರು ಒಂದು ನಿಯಮ ಹೇಳಿದ್ದರು. ಗುರುವಾರ ಹೇಳುವುದು ನಿಜವಾಗಿರಬೇಕೆಂದೇನಿಲ್ಲ, ತಪ್ಪಿಲ್ಲದೆ ಹೇಳಿದರೆ ಸಾಕು. ಸರಿ, ಎಲ್ಲರೂ ತಮಗೆ ಬರುವ ಶಬ್ದಗಳಲ್ಲೇ ಸಂಸಾರ ಕಟ್ಟಿಕೊಂಡರು. ಉದ್ದಣ್ಣ ಎಂದು ತರಗತಿಯೆಲ್ಲ ಕರೆಯುವ ಹುಡುಗ ಮನೆಗೆ ಒಬ್ಬನೇ ಮಗ. ಏಳರವರೆಗೆ ಎಣಿಸಲು ಬರುತ್ತಿದ್ದದ್ದರಿಂದ ಅವನಿಗೆ ಏಳು ಜನ ತಂಗಿಯರಾದರು. ಇನ್ನೊಬ್ಬಳು ಕುದುರೆ ಸಾಕಿದಳು. ಇನ್ನೊಬ್ಬನ ಅಜ್ಜಿ ವಾರವಾರವೂ ಮೀನು ಹಿಡಿಯಲು ಹೋದಳು. ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವಳ ಸರದಿ ಬಂದಾಗ ಮೇಡಂ ಕೇಳಿದ್ದು ಸಣ್ಣ ಪ್ರಶ್ನೆ. ನಿನ್ನ ತಂದೆ ಏನು ಕೆಲಸ ಮಾಡುತ್ತಾರೆ? ಪುಸ್ತಕದ ಎರಡನೇ ಪಾಠದಲ್ಲಿ ವೈದ್ಯನಿದ್ದ, ರೈತನಿದ್ದ, ಅಂಗಡಿಯವನಿದ್ದ, ವಿಮಾನ ಓಡಿಸುವವನೂ ಇದ್ದ. ನೀರಿನ ಮೀಟರ್ ಓದುವವನು ಇರಲಿಲ್ಲ. ವೈದ್ಯ ಎಂದುಬಿಡಬಹುದಿತ್ತು. ಆದರೆ ವೈದ್ಯನೆಂದರೆ ಯಾವ ಆಸ್ಪತ್ರೆ, ಎಷ್ಟು ಗಂಟೆಗೆ ಹೋಗುತ್ತಾರೆ ಎಂದು ಪ್ರಶ್ನೆಗಳ ಸಾಲು ಬರುತ್ತದೆ. ಗಂಟೆ ಹೇಳುವ ಪಾಠ ಇನ್ನೂ ಆಗಿರಲಿಲ್ಲ. ಅವಳು ತಪ್ಪು ಮಾಡುವ ಪೈಕಿಯಲ್ಲ. ಜೊತೆಯವರು 'ನಿಘಂಟು' ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಒಂದೂ ತಪ್ಪಿಲ್ಲದೆ ಹೇಳಬಹುದಾದ ವಾಕ್ಯ ಅವಳ ಹತ್ತಿರ ಒಂದೇ ಇತ್ತು. ಹೇಳಿದಳು: ನನ್ನ ತಂದೆ ಇಲ್ಲ; ನನಗೆ ಏಳು ವರ್ಷವಾಗಿದ್ದಾಗ ತೀರಿಕೊಂಡರು.

ತೀರಿಕೊಂಡವರ ಬಗ್ಗೆ ಪುಸ್ತಕದಲ್ಲಿ ಮುಂದಿನ ಪ್ರಶ್ನೆ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅದೇ.

ಮೇಡಂ ಅವತ್ತು ತಮ್ಮ ನಿಯಮವನ್ನೇ ಮರೆತರು. ಏಳು ತಂಗಿಯರನ್ನು ಕೇಳಿ ನಕ್ಕವರು, ಕುದುರೆಗೆ ಹುಲ್ಲು ಯಾರು ಹಾಕುತ್ತಾರೆ ಎಂದು ಕಾಲೆಳೆದವರು, ಇದನ್ನು ಮಾತ್ರ ನಂಬಿಬಿಟ್ಟರು. ಮೇಜಿನ ಮೇಲೆ ತಮ್ಮ ಕಡೆಗೆ ಮುಖ ಮಾಡಿಟ್ಟಿದ್ದ ಒಂದು ಫೋಟೋವನ್ನು ಮೆಲ್ಲಗೆ ಅವಳತ್ತ ತಿರುಗಿಸಿದರು. ಟೋಪಿ ಹಾಕಿದ, ದಪ್ಪ ಮೀಸೆಯ ಒಬ್ಬ ಮನುಷ್ಯ. "ನನ್ನ ತಂದೆ. ಆಗ ನನಗೆ ಒಂಬತ್ತು ವರ್ಷ," ಎಂದರು. ಉಳಿದ ನಿಮಿಷಗಳೆಲ್ಲ ಇಬ್ಬರೂ ಸುಮ್ಮನೆ ಕೂತಿದ್ದರು. ಆ ಗುರುವಾರ ಎಲ್ಲರಿಗಿಂತ ಹೆಚ್ಚು ಅಂಕ ಅವಳಿಗೇ ಬಂತು.

ಮುಂದಿನ ವಾರ ಹೇಳಿಬಿಡೋಣ ಎಂದುಕೊಂಡಳು. 'ನಾನು ಸುಳ್ಳು ಹೇಳಿದೆ' ಎನ್ನಲು ಬೇಕಾದ ಶಬ್ದ ಹನ್ನೆರಡನೇ ಪಾಠದಲ್ಲಿತ್ತು. ಹನ್ನೆರಡನೇ ಪಾಠ ಬರುವ ಹೊತ್ತಿಗೆ ಮೇಡಂ ತಮ್ಮ ಹಳೆಯ ಸ್ವೆಟರನ್ನು ಅವಳಿಗೆ ಕೊಟ್ಟಾಗಿತ್ತು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿಯಾಗಿತ್ತು. ಎರಡನೇ ವರ್ಷ ತಂದೆಯ ಸಾವಿನ ಬಗ್ಗೆ ಮೂರು ಪುಟ ಬರೆದಳು. ಬರೆಯುತ್ತ ಬರೆಯುತ್ತ ನಿಜವಾಗಿಯೂ ಬಿಕ್ಕಿ ಬಿಕ್ಕಿ ಅತ್ತಳು. ಮೂಗು ಒರೆಸಿಕೊಂಡು ಹೊರಗೆ ಬಂದರೆ, ಅಪ್ಪ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲು ಇಟ್ಟುಕೊಂಡು ಕೂತಿದ್ದ. "ಏನ್ ಮರಿ, ನೆಗಡೀನಾ?" ಎಂದ. ಅವಳಿಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಬದುಕಿದ್ದಾನಲ್ಲ ಎಂಬ ಸಿಟ್ಟು. ಆ ರಾತ್ರಿ ತನ್ನ ಬಗ್ಗೆ ತನಗೇ ಹೆದರಿಕೆಯಾಗಿ ದೀಪ ಆರಿಸದೆ ಮಲಗಿದಳು.

ಒಟ್ಟಿನಲ್ಲಿ ಆ ಭಾಷೆಯಲ್ಲಿ ಅವಳಿಗೆ ಏನು ಬೇಕಾದರೂ ಹೇಳಲು ಬರುತ್ತಿತ್ತು, ಅಪ್ಪ ಮಾತ್ರ ಇರಲಿಲ್ಲ. ಮನೆಯ ಭಾಷೆಯಲ್ಲಿ ಅಪ್ಪ ಇದ್ದ. ಅವನ ಹತ್ತಿರ 'ಊಟ ಆಯ್ತಾ', 'ಹ್ಞೂಂ', 'ಬಸ್ಸು ಸಿಕ್ತಾ' ಬಿಟ್ಟರೆ ಬೇರೆ ಮಾತು ಹೊರಡುತ್ತಿರಲಿಲ್ಲ.

ಈಗ ಕೊನೆಯ ವರ್ಷ. ಆ ದೇಶಕ್ಕೆ ಹೋಗಿ ಒಂದು ವರ್ಷ ಓದಲು ವಿಭಾಗದಿಂದ ಒಬ್ಬರಿಗೆ ಅವಕಾಶ. ಮೇಡಂ ಅವಳ ಹೆಸರು ಬರೆದಿದ್ದರು. ಉಳಿಯುವುದಕ್ಕೆ ತಮ್ಮ ಅಕ್ಕನ ಮನೆಯ ಮಹಡಿಯ ಕೋಣೆಯನ್ನೂ ಹೇಳಿಟ್ಟಿದ್ದರು. ಅವರ ಶಿಫಾರಸು ಪತ್ರ ಶುರುವಾಗುತ್ತಿದ್ದದ್ದೇ 'ತಂದೆಯಿಲ್ಲದೆ ಬೆಳೆದ ಈ ಹುಡುಗಿ' ಎಂದು. ಅರ್ಜಿಗೆ ಪೋಷಕರ ಸಹಿ ಬೇಕು, ಅದನ್ನು ಅಧ್ಯಾಪಕರ ಎದುರಿಗೇ ಹಾಕಬೇಕು. "ನಿನ್ನ ಪೋಷಕರು ಯಾರು?" ಎಂದು ಮೇಡಂ ಕೇಳಿದಾಗ ಅವಳ ಬಾಯಿಗೆ ಬಂದದ್ದು ಚಿಕ್ಕಪ್ಪ. ಅಮ್ಮನನ್ನು ಕರೆದುಕೊಂಡು ಬಂದು ಪಾರಾಗಬಹುದಿತ್ತು. ಆದರೆ ಸಹಿ ಎಂಬ ಮಾತು ಮನೆಯಲ್ಲಿ ಕಿವಿಗೆ ಬಿದ್ದದ್ದೇ ತಡ, ಅಪ್ಪ ಶನಿವಾರಕ್ಕೆ ರಜೆ ಬರೆದು ಕೊಟ್ಟುಬಿಟ್ಟಿದ್ದ.

ಅವಕಾಶ ಹೋದರೆ ಹೋಗಲಿ ಎಂದು ಅವಳು ಎಷ್ಟೋ ಸಲ ಅಂದುಕೊಂಡದ್ದುಂಟು. ಹೋಗುತ್ತಿದ್ದದ್ದು ಅದೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಗುರುವಾರಗಳೂ ಹೋಗುತ್ತಿದ್ದವು. ತನ್ನನ್ನು ನೋಡಿದಾಗ ಮೇಡಂ ಮುಖ ಅರಳುವುದು ನಿಂತುಹೋಗುತ್ತಿತ್ತು. ಮೇಡಂ ಎಂದರೆ ಅವಳಿಗೆ ಪ್ರಾಣ. ಹಾಗೆಂದು ಅಪ್ಪ ಎಂದರೆ ಪ್ರಾಣವಲ್ಲವೇ? ಅದನ್ನು ಯಾರೂ ಅವಳನ್ನು ಕೇಳಿರಲಿಲ್ಲ.

ಬಸ್ಸು ನಿಂತಿತು.

ವಿಭಾಗದ ಮೆಟ್ಟಿಲಲ್ಲೇ ಉದ್ದಣ್ಣ ಸಿಕ್ಕಿದ. ಕೈಯಲ್ಲಿ ಯಾವುದೋ ಕಾಗದ, ಮೇಡಂ ಕೋಣೆಯಿಂದಲೇ ಇಳಿದು ಬರುತ್ತಿದ್ದ.

"ಏನ್ ನಿಘಂಟು, ಶನಿವಾರಾನೂ ಬಿಡಲ್ವಾ? ಇವ್ರು... ಅಪ್ಪಾನಾ?"

ಉತ್ತರ ಕೊಟ್ಟದ್ದು ಅಪ್ಪ. "ಹೌದಪ್ಪಾ, ನಾನೇ. ನಿಮ್ಮನೇಲಿ ಎಲ್ಲ ಚೆನ್ನಾಗಿದಾರಾ?"

"ಚೆನ್ನಾಗಿದಾರೆ ಸಾರ್. ಏಳು ಜನ ತಂಗೀರೂ ಚೆನ್ನಾಗಿದಾರೆ," ಎಂದು ಅವಳಿಗೆ ಕಣ್ಣು ಹೊಡೆದು ಉದ್ದಣ್ಣ ಇಳಿದು ಹೋದ.

"ಪಾಪ, ಏಳು ಜನಾನಾ!" ಎಂದ ಅಪ್ಪ. ಅವಳು ಸಮಜಾಯಿಷಿ ಕೊಡಲು ಹೋಗಲಿಲ್ಲ. ಹುಡುಗ ಮೇಲಕ್ಕೆ ಹೋಗುತ್ತಿಲ್ಲ, ಕೆಳಕ್ಕೆ ಹೋಗುತ್ತಿದ್ದಾನೆ ಎಂಬುದಷ್ಟೇ ಅವಳಿಗೆ ಮುಖ್ಯವಾಗಿತ್ತು.

ಬಾಗಿಲ ಹೊರಗೆ ಅಪ್ಪ ನಿಂತು, ಕಾಲರ್ ಸರಿಮಾಡಿಕೊಂಡು, ಕಣ್ಣು ಮುಚ್ಚಿ, ವಾಕ್ಯವನ್ನು ಎರಡು ಸಲ ಹೇಳಿಕೊಂಡ. ಅವನ ಕಿವಿಯ ಹಿಂದೆ ಸ್ವಲ್ಪ ಸೋಪಿನ ನೊರೆ ಒಣಗಿ ಅಂಟಿತ್ತು. ಅವಳು ಬೆರಳಿನಿಂದ ಅದನ್ನು ಒರೆಸಿದಳು. ಈಗಲೇ ಹೇಳಿಬಿಟ್ಟರೆ? ಅಪ್ಪಾ, ಆ ಎರಡು ಶಬ್ದ ಬಿಟ್ಟುಬಿಡು, ಮರ್ಯಾದೆ ಬೇಡ ಎಂದರೆ ಸಾಕು. ಮೂರು ವರ್ಷ ಒಂದೇ ಉಸಿರಿಗೆ ಮುಗಿದುಹೋಗುತ್ತದೆ.

"ನಡಿ ನಡಿ," ಎಂದ ಅಪ್ಪ, "ತಡ ಮಾಡಿದ್ರೆ ಮತ್ತೆ ಜಾರುತ್ತೆ."

ಮೇಡಂ ಕನ್ನಡಕವನ್ನು ತಲೆಗೆ ಏರಿಸಿ ಎದ್ದು ನಿಂತರು. ಅಪ್ಪ ಒಳಗೆ ಎರಡೇ ಹೆಜ್ಜೆ ಇಟ್ಟು, ಶಾಲೆಯ ಹುಡುಗನ ಹಾಗೆ ನೆಟ್ಟಗೆ ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳಿದ:

"ನಾನು ಇವಳ ತಂದೆಯ ತಮ್ಮ."

ಒಂದು ತಪ್ಪಿಲ್ಲ. ಎರಡನೇ ತುಂಡಿನಲ್ಲಿ ನಾಲಿಗೆ ಹಲ್ಲಿಗೆ ತಾಗಲಿಲ್ಲ. ಅವಳಿಗೆ, ಥೂ, ಒಂದು ಕ್ಷಣ ಹೆಮ್ಮೆಯೇ ಆಯಿತು.

ಮೇಡಂ ಮೇಜು ಬಳಸಿಕೊಂಡು ಬಂದು ಅಪ್ಪನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಅವರ ಕಣ್ಣು ತುಂಬಿತ್ತು. ಆಮೇಲೆ ಮಾತು ಧಾರಾಳವಾಗಿ ಬಂತು, ಅವರ ಭಾಷೆಯಲ್ಲಿ. ಅಪ್ಪ ಮಗಳ ಕಡೆ ನೋಡಿದ. ಅವಳು ಇಬ್ಬರ ನಡುವೆ ನಿಂತು ಅನುವಾದಿಸಬೇಕಾಯಿತು. ಮೂರು ವರ್ಷ ಓದಿದ್ದು ಇದಕ್ಕೇ ತಾನೇ.

"ಬೇರೆಯವರ ಮಗುವನ್ನು ಇಷ್ಟು ಪ್ರೀತಿಯಿಂದ ಬೆಳೆಸಿದ್ದೀರಿ. ಎಲ್ಲರಿಗೂ ಸಾಧ್ಯವಾಗುವುದಿಲ್ಲ," ಎಂದಿದ್ದರು ಮೇಡಂ.

"ಮಗುನ ತುಂಬ ಪ್ರೀತಿಯಿಂದ ಬೆಳೆಸಿದೀರಿ ಅಂತಿದಾರೆ."

"ಅಯ್ಯೋ, ನಾನೇನ್ ಮಾಡ್ದೆ!" ಎಂದ ಅಪ್ಪ. "ನಾನು ಬೀದಿ ಬೀದಿ ಸುತ್ತೋನು. ಎಲ್ಲ ಇವಳಮ್ಮಂದೇ ಅಂತ ಹೇಳು."

ಅವಳು ಹೇಳಿದಳು. ಅದರಲ್ಲಿ ಬದಲಾಯಿಸುವಂಥದ್ದು ಏನೂ ಇರಲಿಲ್ಲ.

"ಎಷ್ಟು ವಿನಯ," ಎಂದರು ಮೇಡಂ. "ಇವರ ಅಣ್ಣ ಇದ್ದು ಇದನ್ನು ನೋಡಬೇಕಿತ್ತು."

"ಇದನ್ನೆಲ್ಲ ಮನೇವ್ರು ನೋಡ್ಬೇಕಿತ್ತು ಅಂತಾರೆ."

"ಮುಂದಿನ ಸಲ ಅವಳನ್ನೂ ಕರ್ಕೊಂಬರೋಣ."

ಅಪ್ಪನ ಬಾಯಿಂದ 'ಮಗಳು' ಎಂಬ ಮಾತು ಬಂದಾಗಲೆಲ್ಲ ಅವಳು ಮೇಡಂ ಮುಖ ನೋಡುತ್ತಿದ್ದಳು. ಅವರ ಹತ್ತು ಹನ್ನೆರಡು ಶಬ್ದಗಳಲ್ಲಿ ಅದಿಲ್ಲ. 'ಅಪ್ಪ' ಮಾತ್ರ ಅಪಾಯ. ಅದು ಎಲ್ಲಿಯವರಿಗೂ ಅರ್ಥವಾಗಿಬಿಡಬಹುದು. ಅದಕ್ಕೇ ಕೋಣೆಗೆ ಕಾಲಿಟ್ಟಾಗಿನಿಂದ ಅವಳು ಅವನನ್ನು ಏನೆಂದೂ ಕರೆದಿರಲಿಲ್ಲ. ಕೂತುಕೋ ಎಂಬುದನ್ನೂ ಕೈಯಲ್ಲೇ ತೋರಿಸಿದ್ದಳು.

"ಇವರ ಕೆಲಸವೇನು?" ಎಂದು ಕೇಳಿದರು ಮೇಡಂ.

"ಮನೆಮನೆಗೆ ಹೋಗಿ ನೀರಿನ ಮೀಟರ್ ಓದುತ್ತಾರೆ," ಎಂದಳು. ಎಷ್ಟು ಸಲೀಸಾಗಿ ಬಂತು! ಎರಡನೇ ವರ್ಷದ ನಾಲ್ಕನೇ ಪಾಠ. ಇದೊಂದು ವಾಕ್ಯ ಆ ಗುರುವಾರ ಬಂದಿದ್ದರೆ ಅಪ್ಪ ಸಾಯುತ್ತಿರಲಿಲ್ಲ.

ಮೇಡಂ ಅಪ್ಪನ ಮುಖವನ್ನೂ ಅವಳ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು.

"ನಿನ್ನ ಹಣೆ ಥೇಟು ಇವರದೇ. ನಿನ್ನ ತಂದೆಯೂ ನೋಡಲು ಹೀಗೇ ಇದ್ದರೇ?"

"ಹೌದು," ಎಂದಳು. "ಹೀಗೇ ಇದ್ದರು."

"ಏನಂತೆ?" ಎಂದ ಅಪ್ಪ.

"ನಾನು ನಿನ್ನ ಥರಾನೇ ಇದೀನಂತೆ."

ಅಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. "ಮೂಗು ಮಾತ್ರ ಇವಳಮ್ಮಂದು ಅಂತ ಹೇಳು. ಆಮೇಲೆ ಮನೇಲಿ ಜಗಳ ಆಗ್ಬಾರ್ದು," ಎಂದು ನಕ್ಕ. ಅವಳು ಅನುವಾದಿಸಿದಳು. ಮೇಡಂ ಕೂಡ ನಕ್ಕರು. ಕೋಣೆಯಲ್ಲಿ ಮೂವರೂ ನಗುತ್ತಿದ್ದರು. ಇಂಥದ್ದೊಂದು ದಿನ ಬರಲಿ ಎಂದು ಅವಳು ಎಷ್ಟೋ ಸಲ ಆಸೆಪಟ್ಟದ್ದಿತ್ತು.

ಮೇಡಂ ಅರ್ಜಿ ತೆಗೆದರು. ಪೋಷಕರು ಹೆಸರನ್ನೂ ಸಂಬಂಧವನ್ನೂ ತಮಗೆ ಬರುವ ಲಿಪಿಯಲ್ಲಿ ಬರೆಯಬೇಕು, ಕೆಳಗಿನ ಗೆರೆಯಲ್ಲಿ ವಿದ್ಯಾರ್ಥಿ ಅದರ ಅನುವಾದ ಬರೆಯಬೇಕು. ಅಪ್ಪ ತನ್ನ ಪೆನ್ನನ್ನೇ ತೆಗೆದ. ದಿನವೂ ನಿಂತುಕೊಂಡೇ ಬರೆದು ರೂಢಿಯಾದವನು, ಕುರ್ಚಿಯಲ್ಲಿ ಕೂತು ಬರೆಯಲು ಸ್ವಲ್ಪ ತಡಕಾಡಿದ. ಹೆಸರು ಬರೆದ, ಸಹಿ ಮಾಡಿದ. 'ಸಂಬಂಧ' ಎಂದಿದ್ದಲ್ಲಿ, ಬಾಯಲ್ಲಿ ಎರಡು ಸಲ ಹೇಳಿಕೊಂಡು, ದುಂಡಗೆ 'ತಂದೆ' ಎಂದು ಬರೆದು ಕಾಗದವನ್ನು ಅವಳ ಕಡೆ ತಳ್ಳಿದ.

ಆ ಎರಡೂ ಲಿಪಿ ಓದಬಲ್ಲವರು ಆ ಕೋಣೆಯಲ್ಲಿ ಅವಳೊಬ್ಬಳೇ. ಅದನ್ನು ಯಾವ ಕಚೇರಿಯಲ್ಲಿ ಯಾರು ತೆರೆಯುತ್ತಾರೋ, ಅವರಿಗೆ ಎರಡೂ ಬಂದರೆ ಏನು ಗತಿಯೋ, ದೇವರೇ ಬಲ್ಲ. ಬರೆಯಬೇಕಾದ್ದು ಒಂದೇ ಶಬ್ದ. ಮೊದಲ ವರ್ಷದ ಮೊದಲ ಪಾಠದ್ದು. ಕೈ ಅದನ್ನು ಬರೆಯಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಿದಳು ಕೂಡ. ಮೇಡಂ ಪಕ್ಕದಲ್ಲಿ ನಿಂತು, ಅವಳ ಭುಜದ ಮೇಲೆ ಕೈಯಿಟ್ಟು, ಗೆರೆಯನ್ನೇ ನೋಡುತ್ತಿದ್ದರು. ಅವಳು ಇನ್ನೆರಡು ಶಬ್ದ ಸೇರಿಸಿದಳು.

ಅಪ್ಪ ಬಗ್ಗಿ ನೋಡಿದ. "ನಮ್ದು ಎರಡೇ ಅಕ್ಷರ. ಅವರದು ಇಷ್ಟುದ್ದಾನಾ?"

"ಹ್ಞೂಂ."

"ಮರ್ಯಾದೆಗೆ," ಎಂದು ತಾನೇ ಹೇಳಿಕೊಂಡು ತಲೆಯಾಡಿಸಿದ. "ಸ್ವಲ್ಪ ನೀರು ಕುಡ್ದು ಬರ್ತೀನಿ, ನೀನು ಮುಗ್ಸು." ಮೇಡಂಗೆ ಕೈ ಮುಗಿದು, ತನ್ನ ವಾಕ್ಯವನ್ನು ಇನ್ನೊಂದು ಸಲ ಹೇಳಿ, ಹೊರಗೆ ಹೋದ.

ಮೇಡಂ ಅರ್ಜಿಯನ್ನು ತಮ್ಮ ಪತ್ರದ ಜೊತೆ ಮಡಿಸಿ ಲಕೋಟೆಯಲ್ಲಿಟ್ಟು ಅಂಟಿಸಿದರು. ಸೋಮವಾರ ಬೆಳಿಗ್ಗೆ ಹೋಗುತ್ತದೆ ಎಂದರು.

ಸೋಮವಾರ. ಮಧ್ಯೆ ಒಂದು ದಿನ ಇತ್ತು. ಅವಳು ಬಾಗಿಲವರೆಗೆ ಹೋದವಳು ತಿರುಗಿ ಬಂದಳು.

"ಮೇಡಂ, ಗುರುವಾರ ಹೇಳುವುದು ನಿಜವಾಗಿರಬೇಕಾಗಿಲ್ಲ ಎಂದಿದ್ದಿರಿ, ನೆನಪಿದೆಯೇ?"

"ನೆನಪಿಲ್ಲದೆ ಏನು!" ಮೇಡಂ ಮನಸಾರೆ ನಕ್ಕರು. "ಏಳು ತಂಗಿಯರು. ಕುದುರೆ. ಮೀನು ಹಿಡಿಯುವ ಅಜ್ಜಿ. ಎಂಥ ಸುಳ್ಳುಬುರುಕರು ನೀವೆಲ್ಲ!" ನಗು ನಿಂತ ಮೇಲೆ ಅವಳ ಕೆನ್ನೆ ತಟ್ಟಿದರು. "ಎಲ್ಲರೂ ಅಲ್ಲ. ಈ ದೇಶಕ್ಕೆ ಬಂದು ಬೇಸರವಾಗಿ, ಹಿಂದಿರುಗಿ ಹೋಗಿಬಿಡೋಣ ಎಂದುಕೊಂಡಿದ್ದೆ ಆಗ. ಇಲ್ಲಿ ನನಗೆ ನಿಜ ಹೇಳಿದ ಮೊದಲನೆಯವಳು ನೀನು. ಅದಕ್ಕೇ ಉಳಿದೆ."

ಹನ್ನೆರಡನೇ ಪಾಠದ ಆ ಶಬ್ದ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡು, ಬರುತ್ತೇನೆ ಎಂದಳು.

ಅಪ್ಪ ನಲ್ಲಿಯ ಹತ್ತಿರ ಇರಲಿಲ್ಲ. ಕಟ್ಟಡದ ಹಿಂದೆ, ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದ ದಪ್ಪ ಕಬ್ಬಿಣದ ಕೊಳವೆ, ಅದಕ್ಕೊಂದು ಮೀಟರ್. ಇಸ್ತ್ರಿ ಮಾಡಿದ ಷರ್ಟಿನ ತೋಳು ಮಡಚಿ ಗಾಜಿನ ಮೇಲಿನ ಧೂಳು ಒರೆಸುತ್ತಿದ್ದ.

"ರಜೆ ದಿನಾನೂ ಬಿಡಲ್ವಾ?" ಎಂದಳು.

"ಇಲ್ನೋಡು. ಶನಿವಾರ, ಎಲ್ಲ ಮನೆಗ್ ಹೋಗಿದಾರೆ. ಆದ್ರೂ ಈ ಸಣ್ಣ ಚಕ್ರ ತಿರುಗ್ತಾನೇ ಇದೆ." ಕೆಂಪು ಚಕ್ರವೊಂದು ನಿಧಾನವಾಗಿ ತಿರುಗುತ್ತಿತ್ತು. "ಎಲ್ಲಾದ್ರೂ ನಲ್ಲಿ ಬಿಟ್ಟಿದಾರಾ ನೋಡ್ಕೊಂಬಾ. ಮೇಲಿನ ಮಹಡೀನೂ ನೋಡು."

ಅವಳು ಓಡಿದಳು. ಅಪ್ಪ ಹೇಳಿದ ಕೆಲಸವನ್ನು ಹೀಗೆ ಓಡಿ ಮಾಡಿ ಎಷ್ಟು ವರ್ಷವಾಗಿತ್ತೋ. ಕೆಳಗಿನ ಎರಡು, ಮೇಲಿನ ಮೂರು, ಪ್ರಯೋಗಾಲಯದ ಪಕ್ಕದ್ದೊಂದು, ಎಲ್ಲ ನಲ್ಲಿಗಳನ್ನೂ ಗಟ್ಟಿಯಾಗಿ ತಿರುಗಿಸಿ, ಏದುಸಿರು ಬಿಡುತ್ತ ಬಂದಳು. "ಎಲ್ಲ ಮುಚ್ಚಿದೆ."

ಚಕ್ರ ತಿರುಗುತ್ತಲೇ ಇತ್ತು.

"ಹಂಗಾದ್ರೆ ಒಳಗೇ ಎಲ್ಲೋ ಒಡ್ದಿದೆ," ಎಂದ ಅಪ್ಪ. ಅವನ ದನಿ ಮೆತ್ತಗಾಗಿತ್ತು, ರೋಗಿಯ ಪಕ್ಕ ಕೂತವರ ದನಿಯ ಹಾಗೆ. "ಮೇಡಂ ಯಾಕೆ ಅಷ್ಟು ಅತ್ತಿದ್ದು?"

"ಸಂತೋಷಕ್ಕೆ."

"ತಂದೆ ಬಂದ ಅಂತ ಅಷ್ಟು ಸಂತೋಷಾನಾ ಅವ್ರಿಗೆ?"

ಅಪ್ಪ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಮತ್ತೆ ಕೊಳವೆಯ ಕಡೆ ತಿರುಗಿದ. ಮಂಡಿಯೂರಿ ಕೊಳವೆಗೆ ಕಿವಿ ಹಚ್ಚಿದ. ಹೊಸ ಪ್ಯಾಂಟು ಮಣ್ಣಾಗುವುದನ್ನೂ ನೋಡಲಿಲ್ಲ.

"ಬಾ, ನೀನೂ ಕೇಳು."

ಅವಳು ಎದುರುಬದಿಗೆ ಮಂಡಿಯೂರಿ ಕಿವಿಯಿಟ್ಟಳು. ಕಬ್ಬಿಣ ತಣ್ಣಗಿತ್ತು. ಅಪ್ಪನ ಮುಖ ಒಂದು ಗೇಣು ದೂರದಲ್ಲಿತ್ತು. ಇಷ್ಟು ಹತ್ತಿರದಿಂದ ಅದನ್ನು ಅವಳು ನೋಡಿಯೇ ಇರಲಿಲ್ಲ. ಬಿಸಿಲಿಗೆ ಸುಟ್ಟ ಹಣೆ, ಹುಬ್ಬಿನಲ್ಲಿ ಎರಡು ಬಿಳಿ ಕೂದಲು.

"ಕೇಳಿಸ್ತಾ?"

ಕೇಳಿಸಿತು. ಒಳಗೆ ಸಣ್ಣಗೆ, ಎಡೆಬಿಡದೆ, ಉಸಿರಿನಂಥ ಒಂದು ಸದ್ದು.

"ಎಲ್ಲಿಗ್ ಹೋಗ್ತಿದೆ ಇದೆಲ್ಲ?"

"ಯಾರಿಗ್ ಗೊತ್ತು. ಮಣ್ಣೊಳಗೆ. ವರ್ಷಗಟ್ಲೆ ಹೋಗಿರುತ್ತೆ. ಮೇಲೆ ಒಂದು ಹನಿ ಕಾಣಲ್ಲ."

ಅವಳ ಕಣ್ಣು ಉರಿಯತೊಡಗಿತು. "ಅಪ್ಪಾ," ಎಂದಳು. "ಅಪ್ಪಾ, ನಿಂಗೆ ನಾನು ಹೇಳ್ಕೊಟ್ಟಿದ್ದು..."

"ಶ್," ಎಂದ ಅಪ್ಪ, ಕಿವಿ ಎತ್ತದೆ. "ಮಾತಾಡ್ಬೇಡ ಮರಿ. ಮಾತಾಡಿದ್ರೆ ಕೇಳಿಸಲ್ಲ."

ಅವನು ಕಣ್ಣು ಮುಚ್ಚಿದ್ದ. ಅವಳು ಬಾಯಿ ಮುಚ್ಚಿ, ಕೆನ್ನೆಯನ್ನು ಕೊಳವೆಗೆ ಇನ್ನಷ್ಟು ಒತ್ತಿದಳು. ಇಬ್ಬರ ನಡುವೆ ಕಬ್ಬಿಣದೊಳಗೆ ನೀರು ಹೋಗುತ್ತಲೇ ಇತ್ತು.